ನದಿ ದಾಟಿಸಿದ ದಿಮ್ಮಿ

ನಮ್ಮ ಚಿಲೊಯೆ ದ್ವೀಪದಲ್ಲಿ ಮನೆಗಳು ನಡೆಯುತ್ತವೆ. ಆದರೆ ಕೇಳದೆ ನಡೆಯುವುದಿಲ್ಲ. ಇರುವ ಜಾಗ ಬೇಡವಾಯಿತು ಎಂದರೆ ಮನೆಯವರು ತಲೆ ಬಾಚಿಕೊಂಡು ಒಂದೊಂದೇ ಬಾಗಿಲಿಗೆ ಹೋಗಬೇಕು. ಒಳಗೆ ಕರೆದರೂ ಹೋಗದೆ ಹೊಸ್ತಿಲಾಚೆಯೇ ನಿಂತು, ಇಂಥ ದಿನ ಮನೆ ಎಳೆಯುವುದಿದೆ, ನಿಮ್ಮ ಎತ್ತು ಬೇಕು, ನಿಮ್ಮ ಕೈ ಬೇಕು ಎಂದು ಬೇಡಬೇಕು. ಬೇಡಿದ ಮೇಲೆ ಇಲ್ಲ ಎನ್ನುವವರಿಲ್ಲ. ಬೇಡದೆ ಬರುವವರೂ ಇಲ್ಲ. ಕೇಳದವರ ಅಂಗಳಕ್ಕೆ ಎತ್ತು ಹೊಡೆದುಕೊಂಡು ಹೋದರೆ ಅದು ದೊಡ್ಡ ಅವಮಾನ. ಅದಕ್ಕಿಂತ ಅವರ ನಾಯಿಗೆ ಕಲ್ಲು ಹೊಡೆಯುವುದು ವಾಸಿ.

ನಾನು ಬೇಡಲಿಲ್ಲ. ಅದಕ್ಕೇ ಲಿನ್ಕೊ ನದಿಯ ಬಡಗಣ ದಡದಲ್ಲಿ ಹತ್ತು ವರ್ಷದಿಂದ ನಾನೊಬ್ಬಳೇ ಇದ್ದೆ.

ತೆಂಕಣ ದಡಕ್ಕೆ ರಸ್ತೆ ಬಂದ ವರ್ಷ ನಮ್ಮ ದಡದ ಹನ್ನೊಂದು ಮನೆಗಳು ಒಂದಾದ ಮೇಲೊಂದು ಹೊರಟವು. ಬಾಗಿಲು ಕಿಟಕಿ ಕಳಚಿ, ದೇವರ ಪಟ ಇಳಿಸಿ, ಅಡಿಯಲ್ಲಿ ಮರದ ಜಾರುಪಟ್ಟಿ ಕೊಟ್ಟು, ಕಡಲು ಇಳಿದಾಗ ಅಳಿವೆಯ ಮರಳಿನ ಮೇಲೆ ಎತ್ತುಗಳು ಎಳೆದವು. ಕೊನೆಯದು ನನ್ನ ತಂಗಿ ಎದುವೀನಾಳ ಮನೆ. ಹಿಂದಿನ ದಿನ ಅವಳು ನನ್ನ ಒಲೆಯ ಮುಂದೆ ಬಂದು ಕೂತಳು.

"ಅಕ್ಕಾ, ನೀನೂ ಒಂದು ಮಾತು ಕೇಳ್ಬಿಡು. ಎತ್ತುಗಳು ಹೇಗೂ ಇಲ್ಲೇ ಇವೆ. ಒಂದೇ ವಾರದಲ್ಲಿ ಎರಡು ಮನೆ ಆಗೋಗತ್ತೆ."

"ನಾನು ಯಾರ ಬಾಗಿಲಿಗೂ ಹೋಗೋಳಲ್ಲ."

"ಬೆಲರ್ಮೀನೊನ್ನ ಕೇಳೋಕೂ ಆಗಲ್ವಾ? ನನ್ನ ಗಂಡ ಕಣೇ ಅವನು."

"ನಿನ್ನ ಗಂಡ ತಾನೆ? ನನ್ನ ಗಂಡ ಅಲ್ವಲ್ಲ."

"ಹಂಗಾದ್ರೆ ನಿನ್ನ ಹೂಸುಹುಳದ ಜೊತೆ ಇಲ್ಲೇ ಬಿದ್ದಿರು!" ಎಂದು ಎದ್ದು ಹೋದಳು. ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ಚಿಲಕ ಇವತ್ತಿಗೂ ಸರಿಯಾಗಿ ಕೂರುವುದಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇಳಿಯುವುದಕ್ಕೆ ಮಾತ್ರ ವರ್ಷಗಳು ಬೇಕು. ಮದುವೆಯಾಗದೆ ಉಳಿದವಳು, ಸಮುದ್ರದ ಪಾಚಿ ಕೊಯ್ದು ಒಣಗಿಸಿ ಬದುಕಿದವಳು, ಯಾರ ಮುಂದೂ ಕೈ ಚಾಚದೆ ಐವತ್ತು ದಾಟಿದವಳು. ಅದೇ ನನ್ನ ಹೆಮ್ಮೆಯಾಗಿತ್ತು. ಆಮೇಲೆ ಎದುವೀನಾ ಸಾವಿನ ಮನೆಯಲ್ಲೋ ಚರ್ಚಿನಲ್ಲೋ ಸಿಕ್ಕರೆ ನಾವಿಬ್ಬರೂ ಗೋಡೆ ನೋಡುತ್ತಿದ್ದೆವು.

ಅವಳು ಹೇಳಿದ ಹೂಸುಹುಳ ನಮ್ಮ ಕಾಡಿನ ನೆಲಜೀರುಂಡೆ. ಊರಿನ ಭಾಷೆಯಲ್ಲಿ ಅದರ ಹೆಸರು ಪೆಯೊರ್ರೊ. ಹೆಬ್ಬೆರಳ ಗೆಣ್ಣಿನಷ್ಟು ಉದ್ದ, ಬೆಳಗಿದ ಪಾತ್ರೆಯಂಥ ಬೆನ್ನು. ಮುಟ್ಟಿದರೆ ಹಿಂದಿನಿಂದ ಒಂದು ನಾತ ಬಿಡುತ್ತದೆ, ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳಿನಿಂದ ಹೋಗುವುದಿಲ್ಲ. ಆ ರಸ ಕಣ್ಣಿಗೆ ಹಾರಿದರೆ ಯಾರು ಸತ್ತಿದ್ದಾರೆಂದು ನೆನೆಸಿಕೊಳ್ಳದೆಯೇ ಅಳಬಹುದು. ಹಗಲೆಲ್ಲ ಕೊಳೆತ ಮರದಡಿ ಅಡಗಿದ್ದು, ಸಂಜೆಗತ್ತಲಲ್ಲಿ ತರಗೆಲೆಯೊಳಗೆ ಓಡಾಡಿ ಬಸವನಹುಳ, ಎರೆಹುಳ ಹಿಡಿದು ತಿನ್ನುತ್ತದೆ. ಬೆನ್ನ ಮೇಲಿನ ಎರಡು ಚಿಪ್ಪುಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಹಾರುವ ಆಸೆಯನ್ನು ಹುಟ್ಟುವಾಗಲೇ ಬಿಟ್ಟ ಜೀವ.

ಇದಿಷ್ಟನ್ನೂ ನನಗೆ ಹೇಳಿಕೊಟ್ಟವಳು ಲೊರೇತೊ. ನಾಲ್ಕು ವರ್ಷದ ಹಿಂದೆ, ಜನವರಿಯ ಬೇಸಿಗೆಯಲ್ಲಿ, ವಾಲ್ದಿವಿಯಾದ ವಿಶ್ವವಿದ್ಯಾಲಯದಿಂದ ಬಂದಳು. ಮೊದಲು ಆಚೆ ದಡದಲ್ಲಿ ಎಲ್ಲರ ಹತ್ತಿರ ಜೀರುಂಡೆ ಎಲ್ಲಿ, ಜೀರುಂಡೆ ಎಲ್ಲಿ ಎಂದು ಕೇಳಿದಳಂತೆ. ಎಲ್ಲರೂ ನಕ್ಕರಂತೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಒಂದು ಬೆಳಿಗ್ಗೆ ಕಡಲು ಇಳಿದಾಗ ಗಂಡಸರ ಬೂಟು ಹಾಕಿಕೊಂಡು, ಬೆನ್ನ ಮೇಲೆ ಪ್ಲಾಸ್ಟಿಕ್ ಲೋಟಗಳ ಮೂಟೆ ಹೊತ್ತು ನನ್ನ ಅಂಗಳಕ್ಕೆ ಬಂದು ನಿಂತು, ಹಿರಿಯ ಹೆಂಗಸರಿಗೆ ಮರ್ಯಾದೆ ಕೊಡುವ ಹಾಗೆ ದೋನ್ಯಾ ಎಂದು ಕರೆದಳು.

"ದೋನ್ಯಾ ನೋಲ್ಫಾ ಅಂದ್ರೆ ನೀವೇನಾ? ಇಲ್ಲಿ ಉಳ್ಕೊಳ್ಳೋಕೆ ಜಾಗ ಸಿಗತ್ತಾ? ನೆಲದ ಮೇಲಾದ್ರೂ ಸರಿ."

"ನೆಲದ ಮೇಲೆ ಇಲಿ ಓಡಾಡತ್ತೆ. ಹಾಸಿಗೆ ಇದೆ. ಆಲೂಗೆಡ್ಡೆ ತಿಂತೀಯಾ?"

"ಏನು ಕೊಟ್ರೂ ತಿಂತೀನಿ."

ಕೇಳುವುದು ಅವಳಿಗೆ ಎಷ್ಟು ಸುಲಭ ಎಂದು ನಾನು ಆಶ್ಚರ್ಯಪಟ್ಟೆ.

ಲೋಟಗಳನ್ನು ನೆಲಮಟ್ಟಕ್ಕೆ ಹೂಳುವುದು, ಕತ್ತಲಲ್ಲಿ ಓಡಾಡುವ ಹುಳ ಅದರಲ್ಲಿ ಬೀಳುವುದು, ಬೆಳಿಗ್ಗೆ ಹೋಗಿ ಎಣಿಸಿ, ಅಳೆದು, ಬಿಟ್ಟುಬಿಡುವುದು. ಅಷ್ಟೇ ಅವಳ ಕೆಲಸ. ಈ ದಡದಲ್ಲಿ ನಲವತ್ತು ಲೋಟ, ಆ ದಡದಲ್ಲಿ ನಲವತ್ತು. ಈಚೆಯ ಹುಳಗಳು ಕೆಂಪು, ಹಳೆ ತಾಮ್ರದ ಕೆಂಪು. ಆಚೆಯವು ಹಸಿರು. ಅರವತ್ತು ವರ್ಷ ಇಲ್ಲೇ ಇದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಹುಳ ಎಂದರೆ ಹುಳ, ಅದರ ಅಂಗಿಯ ಬಣ್ಣ ಯಾರು ನೋಡುತ್ತಾರೆ?

"ಒಂದೂ ಆ ಕಡೆಯಿಂದ ಈ ಕಡೆ ಬರಲ್ವಾ?"

"ಒಂದೂ ಇಲ್ಲ ದೋನ್ಯಾ. ನದಿ ಹುಟ್ಟಿದಾಗಿಂದ ಹಂಗೇ. ಹಾರೋಕೆ ಬರಲ್ಲ, ಈಜೋಕೆ ಬರಲ್ಲ."

"ಕೇಳೋಕೂ ಬರಲ್ಲ," ಎಂದೆ ನಾನು.

ಅವಳಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಮುಂದಿನ ವರ್ಷ ಬಂದಾಗ ನನ್ನ ಮನೆ ಯಾಕೆ ಒಂಟಿಯಾಗಿ ನಿಂತಿದೆ ಎಂಬ ಕಥೆಯೆಲ್ಲ ಅವಳಿಗೆ ಗೊತ್ತಾಗಿತ್ತು. ಆಚೆ ದಡದವರು ಬಾಯಿಗೆ ಬೀಗ ಹಾಕಿಕೊಂಡವರಲ್ಲ.

ಪ್ರತಿ ಜನವರಿಯಲ್ಲಿ ಮೂರು ವಾರ ಇರುತ್ತಿದ್ದಳು. ಬೆಳಿಗ್ಗೆ ಲೋಟ ನೋಡಿ ಬಂದು, ಒದ್ದೆ ಕಾಲುಚೀಲಗಳನ್ನು ನನ್ನ ಒಲೆಯ ಮೇಲಿನ ಕಂಬಿಗೆ ನೇತುಹಾಕಿ, ಮಾತಾಡುತ್ತಲೇ ಇರುತ್ತಿದ್ದಳು. ಅಮ್ಮನ ಮಂಡಿನೋವು, ಬಿಟ್ಟುಹೋದ ಗೆಳೆಯ, ತನ್ನ ಪ್ರೊಫೆಸರ್‌ನ ಗೊರಕೆ. ನಾನು ಗೊಣಗುತ್ತಿದ್ದೆ, "ಬಾಯಿಗೆ ಸ್ವಲ್ಪ ರಜಾ ಕೊಡು ಮಗಳೇ" ಎನ್ನುತ್ತಿದ್ದೆ. ಅವಳು ಹೋದ ಮೇಲೆ ಹದಿನೈದು ದಿನ ಎರಡು ಆಲೂಗೆಡ್ಡೆ ಜಾಸ್ತಿ ಬೇಯಿಸುತ್ತಿದ್ದೆ. ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಒಬ್ಬಳಿಗೆ ಎಂದು ಬೇಯಿಸಲು ನನಗೆ ಮನಸ್ಸಾಗುತ್ತಿರಲಿಲ್ಲ.

ಹೋದ ವರ್ಷದ ಆಗಸ್ಟ್ ತಿಂಗಳ ಚಳಿಯಲ್ಲಿ ಹಿಟ್ಟು ತರಲೆಂದು ಆಚೆ ದಡಕ್ಕೆ ಹೋಗಿದ್ದೆ. ತಿಂಗಳಿಗೊಮ್ಮೆ ಹೋಗುತ್ತಿದ್ದೆ, ಅಂಗಡಿಯ ಆಚೆ ಕಾಲಿಡುತ್ತಿರಲಿಲ್ಲ. ಬರುವಾಗ ನೋಡಿದರೆ ಬೆಲರ್ಮೀನೊ ತನ್ನ ಮನೆಯ ಹಿಂದಿನ ಪೊದೆಯನ್ನೆಲ್ಲ ಕಡಿದು ಆಲೂಗೆಡ್ಡೆಗೆ ನೆಲ ಬಿಡಿಸುತ್ತಿದ್ದ. ಬೇಲಿಗೆ ಒತ್ತಿಕೊಂಡು ಒಂದು ದೊಡ್ಡ ದಿಮ್ಮಿ, ನಾನು ಹುಟ್ಟುವ ಮೊದಲೇ ಬಿದ್ದ ಮರದ್ದು. ಲೊರೇತೊ ಅದಕ್ಕೆ ಹಸಿರುಮನೆ ಎಂದು ಹೆಸರಿಟ್ಟಿದ್ದಳು. ಆ ದಡದ ಹುಳಗಳಲ್ಲಿ ಅರ್ಧ ಅದರ ಸುತ್ತಲೇ ಸಿಗುತ್ತಿದ್ದವು.

"ಈ ದಿಮ್ಮಿ ಏನ್ಮಾಡ್ತೀಯಾ?" ಎಂದು ಬೇಲಿಯಾಚೆಯಿಂದ ಕೇಳಿದೆ.

"ಸುಟ್ಟಾಕ್ತೀನಿ ಅತ್ತಿಗೆ. ಒಳಗೆಲ್ಲ ಲಡ್ಡು. ಒಲೆಗೂ ಬರಲ್ಲ, ಕಂಬಕ್ಕೂ ಬರಲ್ಲ."

ಹಿಟ್ಟಿನ ಚೀಲ ಕೆಳಗಿಟ್ಟು, ಬೇಲಿಯ ಸಂದಿಯಲ್ಲಿ ಕೈ ಹಾಕಿ ಒಂದು ತುಂಡು ತೊಗಟೆ ಎಬ್ಬಿಸಿ ನೋಡಿದೆ. ಮೆತ್ತಗಿನ ಮರದೊಳಗೆ ಚಿಕ್ಕ ಚಿಕ್ಕ ಗೂಡು ಮಾಡಿಕೊಂಡು ಹಸಿರು ಹುಳಗಳು ಚಳಿನಿದ್ದೆ ಮಾಡುತ್ತಿದ್ದವು. ಒಂದಲ್ಲ ಎರಡಲ್ಲ, ಒಂದಕ್ಕೊಂದು ಭುಜ ತಾಗಿಸಿಕೊಂಡು ಹತ್ತಾರು. ಇಷ್ಟು ಜನ ಒಂದೇ ಮನೆಯಲ್ಲಿ ಮಲಗಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತು!

ನನ್ನ ಕಾಲು ಬೇಲಿಯ ಹೊರಗೇ ಇತ್ತು, ಬೇಡುವವರು ನಿಲ್ಲುವ ಜಾಗದಲ್ಲಿ. ಅದನ್ನು ಆಮೇಲೆ ಗಮನಿಸಿದೆ. ಬಾಯಿ ಅಷ್ಟರಲ್ಲಿ ಹೇಳಿಯಾಗಿತ್ತು.

"ಬೆಲರ್ಮೀನೊ, ಗುರುವಾರ ಇದನ್ನ ನನ್ನ ದಡಕ್ಕೆ ಎಳೆಯೋದಿದೆ. ನಿನ್ನ ಎತ್ತು ಬೇಕು. ನಿನ್ನ ಕೈ ಬೇಕು."

ಅವನು ಕೊಡಲಿ ಕೆಳಗಿಟ್ಟ. ನನ್ನ ಮುಖ ನೋಡಿದ, ದಿಮ್ಮಿ ನೋಡಿದ, ಮತ್ತೆ ನನ್ನ ಮುಖ ನೋಡಿದ. ಬೇಡುವ ಮಾತು ಬಿದ್ದ ಮೇಲೆ ಗಂಡಸು ಏನು ಹೇಳಬಲ್ಲ?

"ಬರ್ತೀವಿ ಅತ್ತಿಗೆ," ಎಂದ. ಆಮೇಲೆ, "ಹುಳಕ್ಕಾ?" ಎಂದ.

"ಹುಳಕ್ಕೆ."

ಗುರುವಾರ ಎರಡು ಜೋಡಿ ಎತ್ತು, ಐದು ಜನ ಬಂದರು. ದಿಮ್ಮಿ ಅವನ ಹೊಲದ್ದಾದ್ದರಿಂದ ಉಳಿದವರನ್ನು ಬೆಲರ್ಮೀನೊನೇ ಕೇಳಿದ್ದ. ತೊಗಟೆ ಉದುರದಿರಲಿ ಎಂದು ದಿಮ್ಮಿಗೆ ನನ್ನ ಉಣ್ಣೆಯ ಕಂಬಳಿ ಸುತ್ತಿ, ಮೇಲೆ ಮೀನಿನ ಬಲೆ ಬಿಗಿದು, ಸರಪಳಿ ಹಾಕಿದೆವು. ಮನೆ ಎಳೆಯುವಾಗ ಕೂಗುವ ಕೂಗನ್ನೇ ಅವರು ಕೂಗಿದರು. ಮೊದಲು ಗೇಲಿಗೆ, ಆಮೇಲೆ ನಿಜವಾಗಿ, ಯಾಕೆಂದರೆ ನೀರಿನ ಹತ್ತಿರ ದಿಮ್ಮಿ ಮರಳಿನಲ್ಲಿ ಹೂತು ಎತ್ತುಗಳು ಮಂಡಿಯೂರಿದವು. "ದೇವರ ಪಟ ಇಳಿಸಿದ್ರಾ?" ಎಂದೊಬ್ಬ. "ಒಳಗಿರೋರು ಪಾತ್ರೆಪಗಡ ಗಟ್ಟಿಯಾಗಿ ಹಿಡ್ಕೊಳ್ರಪ್ಪಾ!" ಎಂದು ಇನ್ನೊಬ್ಬ. ನಾನು ನಕ್ಕೆ. ಮೊಣಕಾಲುದ್ದ ನೀರಿನಲ್ಲಿ ನಿಂತು, ಸ್ಕರ್ಟು ನೆನೆಸಿಕೊಂಡು, ಹುಡುಗಿಯ ಹಾಗೆ ನಕ್ಕೆ. ಆಚೆ ದಡದಲ್ಲಿ ಎದುವೀನಾ ಏಪ್ರನ್ ಕಟ್ಟಿಕೊಂಡು ನಿಂತು ನೋಡುತ್ತಿದ್ದಳು. ಅವಳು ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ದಿಮ್ಮಿಯನ್ನು ನನ್ನ ಆಲೂಗೆಡ್ಡೆ ಹೊಲದ ಹಿಂದೆ, ಕಾಡಿನ ಅಂಚಿನ ಜರಿಗಿಡಗಳ ನಡುವೆ ಇಳಿಸಿದೆವು. ಪದ್ಧತಿಯಂತೆ ಊಟ ಹಾಕಿದೆ. ಕುರಿಮಾಂಸದ ಸಾರು, ಹಂದಿಯ ಕೊಬ್ಬು ಹಾಕಿದ ಆಲೂಗೆಡ್ಡೆ ರೊಟ್ಟಿ, ಸೇಬಿನ ಮದ್ಯ. ಐದು ಜನ ನನ್ನ ಮೇಜಿನ ಸುತ್ತ ಕೂತು ಮೊಣಕೈ ತಾಗಿಸಿಕೊಂಡು ಉಂಡರು. ಕಡಲು ಏರುವ ಮೊದಲು ಹೊರಟುಬಿಟ್ಟರು. ಆ ಸಂಜೆ ಐದು ತಟ್ಟೆ ತೊಳೆಯಲು ನಾನು ಒಂದು ಗಂಟೆ ತೆಗೆದುಕೊಂಡೆ.

ಲೊರೇತೊಗೆ ಸಹಾಯ ಮಾಡಿದೆ ಎಂದೇ ನಾನು ನಂಬಿದ್ದೆ. ಜಾಗ ಇಲ್ಲದವರಿಗೆ ಮನೆ ಎಳೆದುಕೊಡುವುದು ನಮ್ಮಲ್ಲಿ ಪುಣ್ಯದ ಕೆಲಸ. ಅವಳು ಓದುತ್ತಿದ್ದುದು ಹುಳವನ್ನಷ್ಟೇ ಅಲ್ಲ, ನಡುವೆ ಇದ್ದ ನದಿಯನ್ನೂ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಜನವರಿಯಲ್ಲಿ ಬಂದಳು. ಮೂರನೆಯ ಬೆಳಿಗ್ಗೆ ಕಾಡಿನಿಂದ ಒಂದು ಕಿರುಚು ಕೇಳಿತು. ಕಾಲು ಮುರಿದುಕೊಂಡಳೇನೋ ಎಂದು ಓಡಿದೆ. ಅವಳು ಲೋಟದ ಮುಂದೆ ಮಂಡಿಯೂರಿ ಕೂತಿದ್ದಳು. ಕೆಂಪು ಹುಳಗಳ ನಡುವೆ ಒಂದು ಹಸಿರು.

"ದಾಟಿದೆ ದೋನ್ಯಾ! ದಾಟಿದೆ! ಆಗಲ್ಲ ಅಂತ ಎಲ್ರೂ ಹೇಳಿದ್ರಲ್ಲ, ತಾನೇ ದಾಟಿ ಬಂದಿದೆ ನೋಡಿ!"

ನಾನು ಬಾಯಿ ತೆರೆದೆ. ದಿಮ್ಮಿ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಎದ್ದು ನನ್ನನ್ನು ತಬ್ಬಿಕೊಂಡಳು. ಕೆಸರಿನ ಕೈ, ಹುಳದ ನಾತ, ಒದ್ದೆ ಕೂದಲು, ಎಲ್ಲ ಸಮೇತ. ಹತ್ತು ವರ್ಷದಲ್ಲಿ ನನ್ನನ್ನು ಯಾರೂ ತಬ್ಬಿಕೊಂಡಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ.

ಮರುದಿನ ಅವಳು, "ಮೂರು ವಾರ ಸಾಲಲ್ಲ, ಮಾರ್ಚ್ ಕೊನೇವರೆಗೂ ಇರ್ತೀನಿ. ನಿಮಗೆ ತೊಂದರೆ ಆಗಲ್ವಾ?" ಎಂದಳು.

"ತೊಂದರೆನೇ," ಎಂದೆ. "ಇರು."

ಹೀಗೆ ನಾನು ಕಳ್ಳಿಯಾದೆ. ಹಸಿರುಮನೆ ಕಾಣದ್ದನ್ನು ಅವಳು ನೋಡಿದ್ದಳು. ಬೆಲರ್ಮೀನೊನ ಹೊಲದಲ್ಲಿ ಬೂದಿ ಇತ್ತು, ಸುಟ್ಟುಹೋಯಿತೆಂದುಕೊಂಡು ಎರಡು ದಿನ ಬೇಸರ ಮಾಡಿಕೊಂಡಳು. ನನ್ನ ಹಿತ್ತಿಲ ಜರಿಯೊಳಗಿನ ದಿಮ್ಮಿ ಕಾಡಿನ ಎಲ್ಲ ದಿಮ್ಮಿಗಳಂತೆ ಪಾಚಿ ಹೊದ್ದು ಮಲಗಿತ್ತು. ಅವಳು ಆಚೆ ದಡಕ್ಕೆ ಹೊರಟಾಗಲೆಲ್ಲ, ಕಡಲು ಏರುವ ಮೊದಲು ಬಾ, ಯಾರ ಹತ್ತಿರವೂ ಮಾತಿಗೆ ನಿಲ್ಲಬೇಡ ಎನ್ನುತ್ತಿದ್ದೆ. ಒಮ್ಮೆ ಅಂಗಡಿಯ ಮುಂದೆ ನಮಗೆ ಬೆಲರ್ಮೀನೊ ಎದುರಾದ.

"ಏನಮ್ಮಾ, ಹೊಸ ಜಾಗ ಹಿಡಿಸ್ತಾ?" ಎಂದು ಲೊರೇತೊಳನ್ನು ಕೇಳಿದ. ಹುಳಗಳನ್ನು ಕುರಿತೇ ಕೇಳಿದ್ದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನಡುವೆ ಹಾರಿದೆ. "ನನ್ನ ಮನೇಲಿ ಉಳಿಯೋಕೆ ಅವಳಿಗೆ ಹೊಸದಾ? ನಾಲ್ಕು ವರ್ಷ ಆಯ್ತು. ನಡಿ ನಡಿ, ಕಡಲು ಏರತ್ತೆ."

ಕಡಲು ಏರಲು ಇನ್ನೂ ಮೂರು ಗಂಟೆ ಇತ್ತು. ಬೆಲರ್ಮೀನೊಗೆ ಅದು ಗೊತ್ತು. ಅವನು ಹುಬ್ಬು ಮೇಲೇರಿಸಿದ.

ಅವಳು ಹಿಡಿದ ಪ್ರತಿ ಹಸಿರು ಹುಳದ ಬೆನ್ನಿಗೂ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟು ಬಿಡುತ್ತಿದ್ದಳು. ಎಣಿಕೆ ಏರುತ್ತ ಹೋಗಿ ನಲವತ್ತಮೂರಕ್ಕೆ ನಿಂತಿತು. ಸಂಜೆ ನನ್ನ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಬರೆಯುತ್ತಿದ್ದಳು, ನಾನು ಎದುರು ಕೂತು ಉಣ್ಣೆ ನೂಲುತ್ತಿದ್ದೆ. ಆ ಎರಡು ತಿಂಗಳು ನನ್ನ ಬದುಕಿನಲ್ಲೇ ಅತ್ಯಂತ ಸುಖದವು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಪ್ರತಿ ಸಂಜೆ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಪ್ರತಿ ಸಂಜೆ ಅವಳು, "ದೋನ್ಯಾ, ಇನ್ನೊಂದು ಆಲೂಗೆಡ್ಡೆ ಇದೆಯಾ?" ಎನ್ನುತ್ತಿದ್ದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು.

"ಮುಗೀತು. ವಾಲ್ದಿವಿಯಾ ತಲುಪಿದ ಕೂಡ್ಲೇ ಕಳಿಸ್ತೀನಿ. ಇಲ್ನೋಡಿ, ಕೊನೇಲಿ. ನಿಮ್ಮ ಹೆಸರು."

ಕನ್ನಡಕ ಹಾಕಿಕೊಂಡು ನೋಡಿದೆ. ನೋಲ್ಫಾ ಚಿಗ್ವಾಯ್ ಅವರಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ ಎಂದು ಬರೆದಿತ್ತು. ಚಿಗ್ವಾಯ್, ನನ್ನ ಅಪ್ಪನ ಮನೆತನದ ಹೆಸರು, ಸಮುದ್ರಕ್ಕೆ ಹೋಗಿ ತಿರುಗಿ ಬರದವನ ಹೆಸರು, ಅಚ್ಚಿನ ಅಕ್ಷರದಲ್ಲಿ. ಅದರ ಮೇಲೆ ಇಡೀ ಒಂದು ಸುಳ್ಳು ಕೂತಿತ್ತು.

"ಅದನ್ನ ಕಳಿಸ್ಬೇಡ ಮಗಳೇ," ಎಂದೆ.

"ಯಾಕೆ? ಹೆಸರು ತಪ್ಪಾಗಿದೆಯಾ?"

"ಹೆಸರು ಸರಿ ಇದೆ. ಹುಳ ದಾಟಿಲ್ಲ. ನಾನು ದಾಟಿಸಿದೆ."

ಎಲ್ಲ ಹೇಳಿದೆ. ಬೇಲಿ, ಗುರುವಾರ, ಕಂಬಳಿ, ಸಾರು. ಅವಳು ಎದ್ದು ಹಿತ್ತಿಲಿಗೆ ಹೋದಳು. ಕಿಟಕಿಯಿಂದ ನೋಡಿದೆ. ಜರಿ ಸರಿಸಿ, ದಿಮ್ಮಿಯ ಮೇಲಿನ ಪಾಚಿ ಕಿತ್ತು, ಸರಪಳಿ ಕಚ್ಚಿದ ಗುರುತಿನ ಮೇಲೆ ಬೆರಳಾಡಿಸಿದಳು. ಒಳಗೆ ಬಂದಾಗ ಅವಳ ಮುಖಕ್ಕೆ ಹತ್ತು ವರ್ಷ ಹೆಚ್ಚಿಗೆ ವಯಸ್ಸಾಗಿತ್ತು.

"ಎರಡು ತಿಂಗಳು ನಾನು ನಿಮ್ಮ ಎದುರೇ ಕೂತು ಬರೀತಿದ್ದೆ."

"ಹೌದು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ."

ಅವಳು ಕಂಪ್ಯೂಟರ್ ಮುಚ್ಚಿದಳು. ಬೈದಿದ್ದರೆ ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಅವಳು ಬೈಯಲಿಲ್ಲ.

"ಮಳೆಗಾಲದೊಳಗೆ ಅವನ್ನೆಲ್ಲ ವಾಪಸ್ ಬಿಡ್ಬೇಕು. ಬಿಳಿ ಚುಕ್ಕೆ ಇರೋ ನಲವತ್ತಮೂರೂ. ಇಲ್ದಿದ್ರೆ ನಿಮ್ಮ ಕೆಂಪು ಹುಳಗಳ ಜೊತೆ ಬೆರೆತುಹೋಗ್ತವೆ. ಆಮೇಲೆ ಈ ನದಿ ಬಗ್ಗೆ ಯಾರೂ ಏನೂ ಹೇಳೋಕಾಗಲ್ಲ. ಲೋಟ ಇಟ್ಟು ಹೋಗ್ತೀನಿ."

"ಬಿಡ್ತೀನಿ."

ಮರುದಿನ ಮೂಟೆ ಹೊತ್ತು ಅಂಗಳ ದಾಟಿದವಳು ಒಮ್ಮೆ ತಿರುಗಿದಳು.

"ಹುಳಕ್ಕೋಸ್ಕರ ಎತ್ತು ಕೇಳಿದ್ರಾ ದೋನ್ಯಾ? ನೀವು?"

ನಾನು ತಲೆಯಾಡಿಸಿದೆ. ಅವಳು ಮರಳಿಗೆ ಇಳಿದಳು. ಕೆನ್ನೆಗೆ ಮುತ್ತು ಕೊಡದೆ ಹೋದದ್ದು ಅದೇ ಮೊದಲು. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡು, ಒಲೆಯ ಮೇಲೆ ಅವಳು ಮರೆತುಹೋದ ಒಂದು ಕಾಲುಚೀಲವನ್ನು ಮಡಚಿಟ್ಟೆ.

ಏಪ್ರಿಲ್ ಮೊದಲ ದಿನದಿಂದ ಕೆಲಸ ಹಿಡಿದೆ. ಬೆಳಿಗ್ಗೆ ಲೋಟ ನೋಡುವುದು. ಕೆಂಪಾದರೆ ಅಲ್ಲೇ ಬಿಡುವುದು. ಬಿಳಿ ಚುಕ್ಕೆಯ ಹಸಿರಾದರೆ ಜಾಮ್ ಬಾಟಲಿಗೆ ಹಾಕಿ, ಕಡಲು ಇಳಿಯುವುದನ್ನು ಕಾದು, ದಾಟಿ, ಬೆಲರ್ಮೀನೊನ ಬೇಲಿಯ ಆಚೆ ಕಡಿಯದೆ ಉಳಿದ ಕಾಡಿನ ತುಣುಕಿನಲ್ಲಿ ಬಿಡುವುದು. ಒಂದು ದಿನ ಮೂರು, ಒಂದು ದಿನ ಒಂದು, ಕೆಲವು ದಿನ ಏನೂ ಇಲ್ಲ. ತಿಂಗಳಿಗೊಮ್ಮೆ ದಾಟುತ್ತಿದ್ದವಳು ದಿನ ಬಿಟ್ಟು ದಿನ ದಾಟತೊಡಗಿದೆ.

ಎದುವೀನಾಳ ಅಡುಗೆಮನೆಯ ಕಿಟಕಿ ಆ ಬೇಲಿಗೇ ಮುಖ. ಮೊದಲ ವಾರ ಪರದೆ ಅಲ್ಲಾಡಿತು. ಎರಡನೆಯ ವಾರ ಪರದೆ ತೆರೆದೇ ಇತ್ತು. ಮೂರನೆಯ ವಾರ ಬೇಲಿಗಂಬದ ತಲೆಯ ಮೇಲೆ ನಾವು ಚಹಾದಂತೆ ಕುಡಿಯುವ ಮಾತೆ ಎಲೆಯ ಕಷಾಯ ಒಂದು ಲೋಟದಲ್ಲಿ ಹಬೆಯಾಡುತ್ತ ಇತ್ತು. ಸುತ್ತ ಯಾರೂ ಇರಲಿಲ್ಲ. ಕುಡಿದು, ಲೋಟ ಮಗುಚಿಟ್ಟು ಬಂದೆ. ಮುಂದಿನ ಸಲ ಪಕ್ಕದಲ್ಲಿ ಒಂದು ತುಂಡು ಆಲೂಗೆಡ್ಡೆ ರೊಟ್ಟಿ. ಉಪ್ಪು ಜಾಸ್ತಿ. ನಮ್ಮ ಅಮ್ಮನ ಕೈಯಲ್ಲೂ ಉಪ್ಪು ಜಾಸ್ತಿಯೇ ಆಗುತ್ತಿತ್ತು. ಬೇಲಿಗೆ ಒರಗಿ ತಿನ್ನುವಾಗ ಕಣ್ಣಲ್ಲಿ ನೀರು ಬಂತು, ಹುಳದ ರಸ ಹಾರಿತೇನೋ ಎಂಬಂತೆ ಒರೆಸಿಕೊಂಡೆ.

ಮೇ ತಿಂಗಳ ಎರಡನೆಯ ವಾರಕ್ಕೆ ನಲವತ್ತೆರಡು ದಾಟಿಯಾಗಿತ್ತು. ನಲವತ್ತಮೂರನೆಯದು ಒಂದು ಮಂಜಿನ ಬೆಳಿಗ್ಗೆ ಸಿಕ್ಕಿತು. ದೊಡ್ಡ ಹೆಣ್ಣು, ಒಂದು ಮೀಸೆ ಅರ್ಧ ಮುರಿದಿತ್ತು. ಬಾಟಲಿಗೆ ಹಾಕಿಕೊಂಡು ದಾಟಿದೆ. ಬೇಲಿಗಂಬದ ಮೇಲೆ ಕಷಾಯ ಇತ್ತು. ಕುಡಿದೆ. ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದೆ. ಇದನ್ನು ಬಿಟ್ಟರೆ ನಾಳೆ ಇಲ್ಲಿಗೆ ಬರಲು ನನಗೆ ಕಾರಣವಿಲ್ಲ ಎಂಬುದು ಆಗ ಹೊಳೆಯಿತು. ಬಾಟಲಿಯನ್ನು ಶಾಲಿನೊಳಗೆ ಸೇರಿಸಿಕೊಂಡು ಹುಳದ ಸಮೇತ ವಾಪಸ್ ಬಂದೆ.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಬಾಟಲಿಗೆ ಒದ್ದೆ ಪಾಚಿ ಹಾಸಿ, ದಿನಕ್ಕೊಂದು ಬಸವನಹುಳ ಹಿಡಿದು ಹಾಕುತ್ತಿದ್ದೆ. ಸಂಜೆ ಮೇಜಿನ ಮೇಲಿಟ್ಟುಕೊಂಡು ಅದರ ಜೊತೆ ಜಗಳ ಆಡುತ್ತಿದ್ದೆ. "ನೀನೇನು ನೋಡ್ತೀಯ? ನಿನಗಾದ್ರೆ ನಲವತ್ತೆರಡು ಜನ ಕಾಯ್ತಿದಾರೆ," ಎನ್ನುತ್ತಿದ್ದೆ. ಅದು ಗಾಜನ್ನು ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ಅದನ್ನು ನಾನು ಸೆರೆಯಲ್ಲಿಟ್ಟಿದ್ದೆ. ಗೊತ್ತಿದ್ದೂ ಇಟ್ಟಿದ್ದೆ.

ಹನ್ನೆರಡನೆಯ ದಿನ ಬೇಲಿಯ ಹತ್ತಿರ ಬೆಲರ್ಮೀನೊ ಎತ್ತುಗಳ ನೊಗಕ್ಕೆ ಹಗ್ಗ ಸುತ್ತುತ್ತ ನಿಂತಿದ್ದ.

"ಇನ್ನೆಷ್ಟು ಉಳಿದ್ವು ಅತ್ತಿಗೆ?"

"ಒಂದು."

"ಹೋದ ವಾರಾನೂ ಒಂದೇ ಅಂದಿದ್ರಿ."

"ಎಣಿಸೋಕೆ ಬರತ್ತಾ ನಿನಗೆ? ಒಳ್ಳೇದು."

"ಈ ಹುಳ ದಿನಾ ಸವಾರಿ ಬಂದು ಹೋಗ್ತಿದೆಯಲ್ಲಾ, ಊರಲ್ಲಿ ಯಾರೂ ಇಷ್ಟು ತಿರುಗಾಡಿಲ್ಲ." ನಗಲಿಲ್ಲ ಅವನು. ಹಗ್ಗದ ಗಂಟು ಬಿಗಿಯುತ್ತ, ನನ್ನ ಕಡೆ ನೋಡದೆ, "ಈ ಜೋಡಿಗೆ ವಯಸ್ಸಾಯ್ತು. ಈ ಆಗಸ್ಟಿಗೆ ಒಂದು ದೊಡ್ಡ ಭಾರ ಎಳೀಬಹುದು. ಮುಂದಿನ ವರ್ಷ ಆಗಲ್ಲ," ಎಂದ.

ಅದಕ್ಕಿಂತ ಹೆಚ್ಚು ಅವನು ಹೇಳುವಂತಿಲ್ಲ. ಕೇಳದವಳಿಗೆ ಎತ್ತು ಕೊಡುತ್ತೇನೆ ಎನ್ನುವ ಹಾಗಿಲ್ಲ. ನೊಗ ಹೊತ್ತು ಕೊಟ್ಟಿಗೆಗೆ ಹೋದ.

ನಾನು ಬೇಲಿಯ ಹತ್ತಿರ ನಿಂತೇ ಇದ್ದೆ. ಮಂಜು ಹನಿಯಾಗತೊಡಗಿತ್ತು. ಬಾಟಲಿಯೊಳಗೆ ಅವಳು ಗಾಜು ಹತ್ತುತ್ತಿದ್ದಳು, ಜಾರುತ್ತಿದ್ದಳು. ಆಮೇಲೆ ನಾನು ಬೇಲಿ ಸುತ್ತಿ, ಮನೆಯ ಮುಂಬಾಗಿಲಿಗೆ ಹೋದೆ. ಹತ್ತು ವರ್ಷದ ಹಿಂದೆ ನನ್ನ ಅಂಗಳದ ಪಕ್ಕದಿಂದ ಹೊರಟ ಅದೇ ಬಾಗಿಲು, ಅದೇ ನೀಲಿ ಬಣ್ಣ. ತಟ್ಟಿದೆ.

ಎದುವೀನಾ ತೆರೆದಳು. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚರ್ಚಿನಲ್ಲಿ ಗೋಡೆ ನೋಡುತ್ತಿದ್ದ ನನಗೆ ಅದು ಕಂಡಿರಲಿಲ್ಲ.

"ಒಳಗೆ ಬಾ, ನೆನೀತಿದೀಯ."

"ಬೇಡ. ಇಲ್ಲೇ ನಿಲ್ತೀನಿ."

ಮಳೆಯಲ್ಲಿ ಹೊಸ್ತಿಲಾಚೆ ನಿಲ್ಲುವವರು ಯಾರೆಂದು ಇಲ್ಲಿ ಎಲ್ಲರಿಗೂ ಗೊತ್ತು. ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. ಒಳಗೆ ತಿರುಗಿ ಗಂಡನನ್ನು ಕೂಗಿದಳು. ಅವನು ಹಿಂಬಾಗಿಲಿನಿಂದ ಬಂದು ಅವಳ ಪಕ್ಕ ನಿಂತ.

"ಒಂದು ದಿಮ್ಮಿ ಎಳೆಯೋದಿದೆ," ಎಂದೆ.

"ಎಷ್ಟು ದೊಡ್ಡದು ಅತ್ತಿಗೆ?"

"ಎರಡು ಕೋಣೆ, ಒಂದು ಅಡುಗೆಮನೆ. ಕಡಲ ಕಡೆ ಒಂದು ಕಿಟಕಿ."

ಬೆಲರ್ಮೀನೊನ ಮೀಸೆ ಅಲ್ಲಾಡಿತು. ಎದುವೀನಾ ಮಾತ್ರ ನಗಲಿಲ್ಲ.

"ಕೇಳೋ ರೀತಿ ಇದಲ್ಲ," ಎಂದಳು. "ಹುಳಕ್ಕೆ ಕೇಳಿದಾಗ ಸರಿಯಾಗಿ ಕೇಳಿದ್ಯಂತೆ. ನನ್ನ ಹತ್ರನೂ ಸರಿಯಾಗಿ ಕೇಳು. ಹತ್ತು ವರ್ಷದಿಂದ ಈ ಬಾಗಿಲಲ್ಲಿ ಕಾದಿದೀನಿ ನಾನು."

ಹತ್ತು ವರ್ಷವೂ ನಾನು ಒಬ್ಬಳೇ ಎಂದುಕೊಂಡಿದ್ದೆ.

"ಆಗಸ್ಟಲ್ಲಿ ಮನೆ ಎಳೆಯೋದಿದೆ," ಎಂದೆ. "ನಿಮ್ಮ ಎತ್ತು ಬೇಕು. ನಿಮ್ಮ ಕೈ ಬೇಕು." ಬೇಡುವ ಮಾತು ಅಲ್ಲಿಗೆ ಮುಗಿಯುತ್ತದೆ. ನನ್ನದು ಮುಗಿಯಲಿಲ್ಲ. "ಒಬ್ಬಳೇ ಇರೋಕೆ ಆಗ್ತಿಲ್ಲ ಕಣೇ."

ಎದುವೀನಾ ಏಪ್ರನ್‌ನಿಂದ ಮುಖ ಒರೆಸಿಕೊಂಡಳು. "ಬರ್ತೀವಿ," ಎಂದಳು. ಅದು ಪದ್ಧತಿಯ ಉತ್ತರ. ಆಮೇಲೆ, "ಬೆಲರ್ಮೀನೊಂದು ಒಂದೇ ಜೋಡಿ. ಮನೆಗೆ ಸಾಲಲ್ಲ. ಇನ್ನೂ ಹತ್ತು ಬಾಗಿಲಿಗೆ ಹೋಗ್ಬೇಕು ನೀನು," ಎಂದಳು.

"ಗೊತ್ತು."

"ಜೊತೆಗೆ ಬರ್ಲಾ?"

"ಬೇಡ. ಒಬ್ಬಳೇ ಹೋಗಿ ಕೇಳ್ಬೇಕಲ್ಲ."

ಮೊದಲು ಬೇಲಿಯ ಹಿಂದಿನ ಕಾಡಿಗೆ ಹೋಗಿ ಬಾಟಲಿಯ ಮುಚ್ಚಳ ತೆಗೆದೆ. ಒಳಗಿದ್ದ ಹುಳ ಹೊರಗೆ ಬರಲಿಲ್ಲ. ಹನ್ನೆರಡು ದಿನಕ್ಕೇ ಗಾಜು ಅಭ್ಯಾಸವಾಗಿತ್ತು. ಎರಡು ಬೆರಳಲ್ಲಿ ಎತ್ತಿ ತರಗೆಲೆಯ ಮೇಲೆ ಬಿಟ್ಟೆ. ನಾತ ಬಿಟ್ಟಳು, ಒಮ್ಮೆ ಮುರಿದ ಮೀಸೆ ಅಲ್ಲಾಡಿಸಿದಳು, ಒಂದು ಎಲೆಯ ಅಡಿಗೆ ನುಗ್ಗಿ ಮಾಯವಾದಳು. ಆಚೆ ದಡದಲ್ಲಿ, ಮಳೆಯೊಳಗೆ, ನನ್ನ ಮನೆ ಸಣ್ಣಗೆ ಕಾಣುತ್ತಿತ್ತು. ಆಗಸ್ಟಿನ ನಂತರ ಆ ದಡ ಪೂರ್ತಿ ಕೆಂಪು ಹುಳಗಳದ್ದು. ಜನವರಿಯಲ್ಲಿ ಲೊರೇತೊ ಬಂದರೆ ಅವಳನ್ನು ಉಳಿಸಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ. ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಲುಚೀಲ ಮಾತ್ರ ಜೊತೆಯಲ್ಲಿ ತರುತ್ತೇನೆ.

ಹುಲ್ಲಿಗೆ ಕೈ ಉಜ್ಜಿದೆ. ನಾತ ಹೋಗಲಿಲ್ಲ. ಆ ನಾರುವ ಕೈಯಲ್ಲೇ ಪಕ್ಕದ ಮನೆಯ ಬಾಗಿಲು ತಟ್ಟಿದೆ.